ಐನೂರೇಳನೇ ಕೋಣೆಯ ಸತ್ತ ರಕ್ತ

ದಕ್ಷಿಣ ಕೊರಿಯಾದ ಗುನ್ಸಾನ್ ಬಂದರಿನ ಹಳೇಪೇಟೆ ಪೊಲೀಸ್ ಠಾಣೆಯ ಚರಿತ್ರೆಯಲ್ಲಿ ಒಂದು ಹಡಗಿನ ಅಪಹರಣ, ಒಂದು ಬ್ಯಾಂಕ್ ದರೋಡೆಯ ಯತ್ನ ಮತ್ತು ಐಸ್ ಕಾರ್ಖಾನೆಗೆ ಬಿದ್ದ ಒಂದು ಬೆಂಕಿ ದಾಖಲಾಗಿವೆ. ಈ ಸಾಲಿಗೆ, ಗಾಂಭೀರ್ಯದಲ್ಲಿ ಒಂದು ತೂಕ ಹೆಚ್ಚೇ ಎನ್ನಬಹುದಾದ ನಾಲ್ಕನೆಯ ಘಟನೆ ನವೆಂಬರ್ ೧೯ರ ಮಂಗಳವಾರ ಬೆಳಗ್ಗೆ ಬಂದು ಸೇರಿತು. ಓಕ್ ಬುನ್-ರೆ ಎಂಬ ಎಪ್ಪತ್ತಾರು ವರ್ಷದ ಮಹಿಳೆ ಭುಜದ ನೋವಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಬಟ್ಟಲುಗಳು ಕಳುವಾಗಿದ್ದವು.

ಚರ್ಮದ ಮೇಲೆ ಕವುಚಿ, ಕೈಪಂಪಿನಿಂದ ಒಳಗಿನ ಗಾಳಿ ಎಳೆದರೆ ಉಡದಂತೆ ಕಚ್ಚಿಕೊಳ್ಳುವ ಬಟ್ಟಲುಗಳವು. ಊರಿನ ಪ್ರತಿ ಮನೆಯ ಟಿವಿ ಕೆಳಗಿನ ಡ್ರಾಯರಿನಲ್ಲೂ ಒಂದು ಸೆಟ್ಟು ಬಿದ್ದಿರುತ್ತದೆ. ಯಾರೂ ಅದನ್ನು ಕದ್ದದ್ದು ಕೇಳಿಲ್ಲ. ಆದರೆ ಬುನ್-ರೆ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಬಂದರು ರಸ್ತೆಯ ಮೂಳೆ ಆಸ್ಪತ್ರೆಯ ಐನೂರೇಳನೇ ಕೋಣೆಯಲ್ಲಿ ಮಲಗಿದ್ದರು. ಮಲಗಿದವರಿಗೆ ಫೋನು ಮಾಡುವುದಕ್ಕೆ ಪುರುಸೊತ್ತು ಜಾಸ್ತಿ.

ಮೂರನೇ ಕರೆಯನ್ನು ಇನ್‌ಸ್ಪೆಕ್ಟರ್ ಪ್ಯೋ ಸಂಗ್-ಗ್ಯೂ ತಾವೇ ಎತ್ತಿಕೊಂಡರು. ಅವರ ಮುಂದೆ ಬೆಳಗಿನ ತಿಂಡಿ ಇರಬೇಕಿತ್ತು, ಇರಲಿಲ್ಲ.

“ಅಮ್ಮಾ, ನೀವಿರೋದು ಆಸ್ಪತ್ರೆಯಲ್ಲಿ. ನರ್ಸಿಗೆ ಹೇಳಿ, ಹುಡುಕಿಕೊಡ್ತಾರೆ.”

“ನರ್ಸೇ ಕದ್ದಿದ್ರೆ?”

“ನರ್ಸ್ ಯಾಕಮ್ಮ ಕದೀತಾರೆ?”

“ಅದನ್ನ ಕಂಡುಹಿಡಿಯೋಕೆ ತಾನೇ ನಿಮ್ಮನ್ನ ಇಟ್ಟಿರೋದು? ನನ್ನ ಅಳಿಯ ಪತ್ರಿಕೆಯಲ್ಲಿ ಕೆಲಸ ಮಾಡ್ತಾನೆ.”

ಅಳಿಯ ಪತ್ರಿಕೆಗೆ ಕ್ರಿಮಿನಾಶಕದ ಜಾಹೀರಾತು ತರುವವನು ಎಂಬುದು ಆಮೇಲೆ ತಿಳಿದ ಸಂಗತಿ. ಆ ಕ್ಷಣಕ್ಕೆ ಪ್ಯೋ ಫೋನಿಟ್ಟು, ಎದುರು ಮೇಜಿನ ಕಾನ್‌ಸ್ಟೇಬಲ್ ಮಾ ಉನ್-ಸೋಲ್ ಕಡೆ ನೋಡಿದರು.

“ಎಫ್‌ಐಆರ್ ಹಾಕು. ಬಟ್ಟಲು ಹತ್ತು, ಕೈಪಂಪು ಒಂದು, ಚುಚ್ಚುವ ಸೂಜಿಪೆನ್ನು ಒಂದು.”

“ಬಣ್ಣ ಸಾರ್?”

“ಪಾರದರ್ಶಕ. ನಮ್ಮ ಇಲಾಖೆ ಥರಾನೇ.”

ಮಾ ನಗಲಿಲ್ಲ. ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿದ್ದ ಆಕೆಗೆ ಇನ್ನೂ ಯಾವುದಕ್ಕೆ ನಗಬೇಕು ಎಂಬುದು ಖಾತ್ರಿಯಾಗಿರಲಿಲ್ಲ.

ಹತ್ತೂವರೆಗೆ ಇಬ್ಬರೂ ಐನೂರೇಳನೇ ಕೋಣೆಯಲ್ಲಿದ್ದರು. ನಾಲ್ಕು ಹಾಸಿಗೆ. ಕಿಟಕಿಯ ಕಡೆ ಬುನ್-ರೆ. ಬಾಗಿಲ ಕಡೆಯ ಎರಡು ಹಾಸಿಗೆಗಳಲ್ಲಿ ಹಿಂದಿನ ರಾತ್ರಿ ತಾನೇ ದಾಖಲಾಗಿದ್ದ ಇಬ್ಬರು, ಅರಿವಳಿಕೆಯ ನಿದ್ದೆಯಲ್ಲಿ. ಅವರನ್ನು ಸಂಶಯಿಸುವುದು ಬುನ್-ರೆಗೂ ಸಾಧ್ಯವಾಗಲಿಲ್ಲ. ಉಳಿದದ್ದು ಬುನ್-ರೆಯ ಪಕ್ಕದ ಹಾಸಿಗೆಯ ತಾಕ್ ಗೂಮ್-ಓಕ್. ವಯಸ್ಸು ಎಂಬತ್ತೊಂದು, ಮೀನುಪೇಟೆಯಲ್ಲಿ ಒಣಮೀನಿನ ವ್ಯಾಪಾರ, ಬಲಗಡೆಯ ಸೊಂಟದ ಕೀಲನ್ನು ತೆಗೆದು ಲೋಹದ್ದು ಕೂರಿಸಿ ಹತ್ತು ದಿನವಾಗಿತ್ತು. ಮುಖ ಅಕ್ಕಿಕಾಗದದಷ್ಟು ಬಿಳಿಚಿಕೊಂಡಿತ್ತು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

“ಬಟ್ಟಲಂತೆ ಬಟ್ಟಲು,” ಎಂದರು ಗೂಮ್-ಓಕ್. “ಇವಳ ಭುಜಕ್ಕೆ ನೋವಿರೋದು ಬಾಯಿ ಆಡಿಸಿ ಆಡಿಸಿ. ಬಟ್ಟಲನ್ನ ಬಾಯಿಗೆ ಹಾಕ್ಕೊಳ್ಳೋಕೆ ಹೇಳಿ.”

“ನೋಡಿದ್ರಾ ಸಾರ್, ನೋಡಿದ್ರಾ! ಇವಳೇ ಕದ್ದಿರೋದು.”

“ನಾನು ಒಂದಕ್ಕೆ ಹೋಗ್ಬೇಕಾದ್ರೆ ಇಬ್ಬರು ಎತ್ತಬೇಕು. ಕದಿಯೋಕೆ ಹೋಗ್ತೀನಿ ಅಂದ್ರೂ ಎತ್ತುತಾರಾ?”

“ಕಡೇ ಸಲ ಬಟ್ಟಲು ನೋಡಿದ್ದು ಯಾವಾಗ?” ಪ್ಯೋ ಬುನ್-ರೆಯನ್ನು ಕೇಳಿದರು.

“ಹೋದ ವಾರ. ನಿನ್ನೆಯಿಂದ ಚಳಿ ಬಿತ್ತಲ್ಲ, ಭುಜ ಹಿಡ್ಕೊಂತು, ತೆಗೀತೀನಿ, ಇಲ್ಲ.”

“ಹಂಗಾದ್ರೆ ಕಳುವಾಗಿ ವಾರ ಆಗಿರಬಹುದು.”

“ಹೌದು. ನೀವು ಲೇಟು.”

ಮಾ ಪಂಚನಾಮೆ ಬರೆಯತೊಡಗಿದಳು. ಬೀಗವಿಲ್ಲದ ಕಪಾಟು, ಒಳಗೆ ಟವೆಲ್ಲು, ಕಿತ್ತಳೆಯ ಚೀಲ, ಕಡಲಕಳೆಯ ಪೊಟ್ಟಣ. ಒಡೆದ ಗುರುತಿಲ್ಲ. ಪಂಚರಾಗಿ ಹೆಡ್ ನರ್ಸ್ ಕುಕ್ ಮತ್ತು ಕಿಟಕಿ ಒರೆಸಲು ಬಂದಿದ್ದವನು ಸಹಿ ಹಾಕಿದರು. ಹೆಡ್ ನರ್ಸ್ ಕುಕ್, ಪೊಲೀಸರ ಮೇಲಿನ ಗೌರವವನ್ನು ತಾನು ಮದುವೆಯಾದ ದಿನವೇ ಕಳೆದುಕೊಂಡ ಹೆಂಗಸು. ಆಕೆಯ ಗಂಡ ಸಂಚಾರಿ ಪೊಲೀಸ್.

“ಈ ಕೋಣೆಗೆ ಹೊರಗಿನವರು ಯಾರ್ಯಾರು ಬರ್ತಾರೆ?”

“ಮನೆಯವರು ಬರೋದೇ ಅಪರೂಪ,” ಎಂದಳು ಕುಕ್. “ಇದು ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕೋ ತಿಂಗಳು. ಊರಲ್ಲಿರೋ ಹೆಂಗಸರೆಲ್ಲಾ ಮೊಣಕೈವರೆಗೂ ಮೆಣಸಿನಪುಡಿಯಲ್ಲಿದ್ದಾರೆ. ಇವರನ್ನ ನೋಡ್ಕೊಳ್ತಿದ್ದ ಆಯಾ ಕೂಡ ರಜೆ ಹಾಕಿ ಹೋದ್ಳು. ಆಮೇಲಿಂದ ಗೂಮ್-ಓಕ್ ಅಜ್ಜಿಗೆ ಅವರ ವಾರಗಿತ್ತಿ ಬರ್ತಾರೆ, ದಿನಾ.”

“ಬರ್ತಾಳೆ,” ಎಂದರು ಗೂಮ್-ಓಕ್. “ಗಂಡನ್ನ ನುಂಗಿದ್ದು ಸಾಲದು ಅಂತ ನನ್ನ ನುಂಗೋಕೆ ಬರ್ತಾಳೆ.”

ಆ ಮಾತಿಗೆ ಕಾದಿದ್ದವರಂತೆ ಬಾಗಿಲಲ್ಲಿ ಆ ವಾರಗಿತ್ತಿ ನಿಂತಿದ್ದರು. ಯೋಮ್ ಪಿಲ್-ನ್ಯೋ, ಎಪ್ಪತ್ತಮೂರು. ಮಡಿಸಿಟ್ಟಂಥ ಪುಟ್ಟ ಮೈ, ಗುಂಗುರು ಮಾಡಿಸಿದ ಕೂದಲು, ಕೈಯಲ್ಲಿ ಗುಲಾಬಿ ಬಟ್ಟೆ ಸುತ್ತಿದ ಸ್ಟೀಲ್ ಪಾತ್ರೆ. ಪಾತ್ರೆಯಿಂದ ಹಬೆಯ ಜೊತೆ ಹೊರಟ ವಾಸನೆಗೆ ಇನ್‌ಸ್ಪೆಕ್ಟರರ ಹೊಟ್ಟೆ ಎದ್ದು ಕುಳಿತಿತು. ಸೊಂಜಿ ಸಾರು: ಎತ್ತಿನ ರಕ್ತವನ್ನು ಹೆಪ್ಪುಗಟ್ಟಿಸಿ, ತುಂಡು ಮಾಡಿ, ಮೂಲಂಗಿ ಸೊಪ್ಪಿನ ಜೊತೆ ಕುದಿಸಿದ್ದು. ಇಪ್ಪತ್ತು ವರ್ಷದಿಂದ ಅವರ ಬೆಳಗಿನ ತಿಂಡಿಯೇ ಅದು.

“ಅಕ್ಕ ಬೈಯೋ ಸದ್ದು ಲಿಫ್ಟಿಗೇ ಕೇಳ್ತು. ಹಂಗಾದ್ರೆ ಬದುಕಿದಾರೆ ಅಂದ್ಕೊಂಡೆ,” ಎಂದು ಪಿಲ್-ನ್ಯೋ ಒಳಬಂದರು. ಪೊಲೀಸರನ್ನು ಕಂಡು ನಿಂತರು. “ಏನಾಯ್ತು?”

“ಬಟ್ಟಲು ಕಳುವಾಗಿದೆ.”

“ಓ, ಅದಾ,” ಎಂದು ಆಕೆ ಸಾರಿನ ಪಾತ್ರೆಯನ್ನು ತಡೆದು ತಡೆದು ಮೇಜಿನ ಮೇಲಿಟ್ಟರು. “ಇಷ್ಟಕ್ಕೆ ಪೊಲೀಸ್ರಾ? ನಮ್ಮ ಕಾಲದಲ್ಲಿ ಮನುಷ್ಯರು ಕಳೆದುಹೋದ್ರೂ ಬರ್ತಿರಲಿಲ್ಲ.”

“ನೀವು ನೋಡಿದ್ರಾ ಅದನ್ನ?”

“ಊರೇ ನೋಡಿದೆ. ಅವಳು ತೋರಿಸದೆ ಬಿಟ್ಟಿದ್ದು ಯಾರಿಗೆ?”

ಪ್ಯೋ ಟೋಪಿ ತೆಗೆದು ತಲೆ ಕೆರೆದುಕೊಂಡರು. ಮೂವರು ಮುದುಕಿಯರ ನಡುವೆ ಪ್ರಶ್ನೆ ಕೇಳುವುದೆಂದರೆ ಗಾಳಿಯಲ್ಲಿ ಬಲೆ ಒಗೆದಂತೆ. ಬಲೆ ಅವರ ತಲೆಯ ಮೇಲೇ ಬೀಳುತ್ತಿತ್ತು. ಮಾಳನ್ನು ಕಾರಿಡಾರಿನ ಕ್ಯಾಮೆರಾ ನೋಡಲು ಕಳಿಸಿ, ಅವರು ಕ್ಯಾಂಟೀನಿನ ದಾರಿ ಹಿಡಿದರು.

ದಾರಿಯಲ್ಲಿ ಡಾಕ್ಟರ್ ಮೋಕ್ ಅಡ್ಡ ಬಂದರು. ಗೂಮ್-ಓಕ್‌ಗೆ ಸೊಂಟ ಜೋಡಿಸಿದವರು. ನಲವತ್ತರ ಆಸುಪಾಸು, ಮೂರು ದಿನದಿಂದ ಸರಿಯಾಗಿ ಮಲಗದ ಕಣ್ಣು.

“ನೀವು ಪೊಲೀಸಾ? ಒಳ್ಳೇದಾಯ್ತು. ಐನೂರೇಳರಲ್ಲಿ ಇನ್ನೊಂದು ಕಳವಾಗಿದೆ.”

“ಇನ್ನೊಂದು ಬಟ್ಟಲಾ?”

“ರಕ್ತ.”

ಪ್ಯೋ ಗೋಡೆಗೆ ಒರಗಿದರು. “ಡಾಕ್ಟ್ರೇ, ನಾನಿನ್ನೂ ತಿಂಡಿ ತಿಂದಿಲ್ಲ.”

“ಗೂಮ್-ಓಕ್ ಅಜ್ಜಿಯ ಹಿಮೋಗ್ಲೋಬಿನ್ ಆಪರೇಷನ್ ಆದ ಮೇಲೆ ಹತ್ತೂವರೆ ಗ್ರಾಮಿಗೆ ಬಂದು ನಿಂತಿತ್ತು. ನಾಲ್ಕು ದಿನದಿಂದ ಇಳೀತಾನೇ ಇದೆ. ಇವತ್ತು ಏಳೂಮುಕ್ಕಾಲು. ಸೊಂಟ ಸ್ಕ್ಯಾನ್ ಮಾಡಿದೆ, ಹೊಟ್ಟೆ ಸ್ಕ್ಯಾನ್ ಮಾಡಿದೆ, ಮಲ ಪರೀಕ್ಷೆ ಮಾಡಿದೆ. ಎಲ್ಲೂ ಸೋರ್ತಾ ಇಲ್ಲ. ಗಾಯ ಒಣಗಿ ಗರಿಗರಿಯಾಗಿದೆ. ರಕ್ತ ಮಾತ್ರ ಇಲ್ಲ.”

“ಇದಕ್ಕೆ ಯಾವ ಕಲಂ ಹಾಕಲಿ?”

ಡಾಕ್ಟರಿಗೆ ನಗು ಬರಲಿಲ್ಲ. ಅವರು ಇನ್‌ಸ್ಪೆಕ್ಟರರ ತೋಳು ಹಿಡಿದು ಕಿಟಕಿಯ ಬಳಿ ನಿಲ್ಲಿಸಿಕೊಂಡರು. ಯಾರಿಗಾದರೂ ಹೇಳದೆ ಇರಲಾಗದ ಸ್ಥಿತಿ ಅದು.

“ಕೇಳಿ. ತೊಡೆಮೂಳೆಯೊಳಗೆ ಕೊರೆದು ಲೋಹ ಕೂರಿಸ್ತೀವಲ್ಲ, ಆಗ ಮಜ್ಜೆಯ ಚೂರು ರಕ್ತಕ್ಕೆ ಸೇರತ್ತೆ. ದೇಹ ಹೆದರಿಬಿಡತ್ತೆ. ಎಲ್ಲೋ ದೊಡ್ಡ ಗಾಯ ಆಗಿದೆ ಅಂತ ಹೆಪ್ಪುಗಟ್ಟಿಸೋ ಸಾಮಾನನ್ನೆಲ್ಲಾ ಬೀದಿಗೆ ತರತ್ತೆ. ಹೆಪ್ಪನ್ನ ಕರಗಿಸೋ ಕಡೆಯವರು ಇದಾರಲ್ಲ, ಅವರು ಅದೇ ಹೊತ್ತಿಗೆ ಮಂಕು ಕವಿದು ಕೂತಿರ್ತಾರೆ. ಮೇಲೆ ನಾವು ಕಾಲನ್ನ ತಿರುಚಿ ಹಿಡಿದಿರ್ತೀವಿ, ಸಿರೆ ಮಡಚಿಕೊಂಡು ರಕ್ತ ನಿಂತಿರತ್ತೆ. ಆಪರೇಷನ್ ಮುಗೀತು ಅಂತ ಈ ಗಲಾಟೆ ಮುಗಿಯಲ್ಲ. ವಾರದ ಹೊತ್ತಿಗೆ ಮತ್ತೆ ಏರತ್ತೆ. ಒಂದು ತಿಂಗಳು ಪೂರ್ತಿ ಅಡಗಲ್ಲ.”

“ಅಡಗದಿದ್ರೆ?”

“ಕಾಲಲ್ಲಿ ಹೆಪ್ಪು ಕಟ್ಟತ್ತೆ. ಅದು ಕಿತ್ತು ಶ್ವಾಸಕೋಶಕ್ಕೆ ಹೋದರೆ ಮನುಷ್ಯ ನಿಂತ ಹಾಗೇ ಬೀಳ್ತಾನೆ. ಅದಕ್ಕೇ ರಕ್ತ ತೆಳು ಮಾಡೋ ಗುಳಿಗೆ, ತೊಡೆವರೆಗೂ ಬಿಗಿ ಕಾಲುಚೀಲ. ಇಷ್ಟು ಮಾಡಿಯೂ ಈ ಅಜ್ಜಿಯ ಮೀನಖಂಡದಲ್ಲಿ ಐದನೇ ದಿನ ಹೆಪ್ಪು ಸಿಕ್ಕಿತು. ಚಿಕ್ಕದು. ಗುಳಿಗೆ ಜಾಸ್ತಿ ಮಾಡಿದೆ. ಈಗ ರಕ್ತ ಮಾಯ ಆಗ್ತಿದೆ. ಗುಳಿಗೆ ಕಾರಣ ಅಂದರೆ ನಿಲ್ಲಿಸಬೇಕು. ನಿಲ್ಲಿಸಿದರೆ ಕಾಲಲ್ಲಿರೋದು ಬೆಳೆಯತ್ತೆ. ನಿಲ್ಲಿಸದೆ ಹೋದರೆ, ಇದೇ ವೇಗದಲ್ಲಿ ಇನ್ನೆರಡು ದಿನಕ್ಕೆ ಹೃದಯ ಕೈಕೊಡತ್ತೆ. ನಾಳೆ ಬೆಳಗಿನ ಸುತ್ತಿಗೆ ಮುಂಚೆ ತೀರ್ಮಾನ ಮಾಡ್ಬೇಕು. ನನಗೆ ಗೊತ್ತಾಗ್ತಿಲ್ಲ.”

ಕೊನೆಯ ಮಾತನ್ನು ಒಬ್ಬ ಡಾಕ್ಟರ ಬಾಯಿಂದ ಕೇಳಿದ್ದು ಪ್ಯೋಗೆ ಇದೇ ಮೊದಲು. ಅದರಿಂದ ಅವರ ಸಿಡುಕು ಕಡಿಮೆಯಾಗಲಿಲ್ಲ. ಹಸಿದ ಹೊಟ್ಟೆಯ ಮೇಲೆ ಇನ್ನೊಂದು ಹೊರೆ ಬಿದ್ದಂತಾಯಿತು, ಅಷ್ಟೇ.

“ನಾನು ಬಟ್ಟಲು ಹುಡುಕೋಕೆ ಬಂದವನು,” ಎಂದರು.

“ಗೊತ್ತು,” ಎಂದು ಡಾಕ್ಟರ್ ಮೋಕ್ ಹೊರಟುಹೋದರು.

ಕ್ಯಾಂಟೀನು ನೆಲ ಒರೆಸುವುದಕ್ಕಾಗಿ ಮುಚ್ಚಿತ್ತು. ಪ್ಯೋ ನಾಣ್ಯ ಹಾಕುವ ಯಂತ್ರದಿಂದ ಕಾಫಿ ಹಿಡಿದು, ಅದು ತಣ್ಣಗಿದೆ ಎಂದು ಅರಿತು, ಭದ್ರತಾ ಕೊಠಡಿಯಲ್ಲಿದ್ದ ಮಾಳ ಪಕ್ಕ ಕುಳಿತರು. ವಾರದ ಕಾರಿಡಾರು ಪರದೆಯ ಮೇಲೆ ಓಡುತ್ತಿತ್ತು. ನರ್ಸುಗಳು, ಊಟದ ಗಾಡಿ, ಬುನ್-ರೆಯ ಅಳಿಯ ಒಮ್ಮೆ, ಪ್ರತಿದಿನ ಗುಲಾಬಿ ಗಂಟಿನ ಪಿಲ್-ನ್ಯೋ.

“ವಾರಗಿತ್ತಿ ಮೇಲೇ ನನಗೆ ಅನುಮಾನ ಸಾರ್.”

“ಯಾಕೆ?”

“ಬೇರೆ ಯಾರೂ ಇಲ್ವಲ್ಲ.”

“ಅದು ಅನುಮಾನ ಅಲ್ಲ, ಹಾಜರಿ. ಅವರ ಮನೇಲೂ ಒಂದು ಸೆಟ್ಟು ಇರತ್ತೆ. ಇವಳದ್ದು ಯಾಕೆ ಬೇಕು?”

ಮಾ ಪರದೆಯ ಓಟ ನಿಲ್ಲಿಸಿ ಹೇಳಿದಳು: “ಹೆಡ್ ನರ್ಸ್ ಒಂದು ಮಾತು ಹೇಳಿದ್ರು ಸಾರ್. ಅಜ್ಜಿಯ ಕಾಲುಚೀಲವನ್ನ ಪಿಲ್-ನ್ಯೋ ಅವರೇ ಹಾಸಿಗೆ ಸುತ್ತ ಪರದೆ ಎಳೆದು ಬಿಚ್ಚಿ, ಕಾಲು ಒರೆಸಿ, ಹಾಕ್ತಾರಂತೆ. ನರ್ಸುಗಳಿಗೆ ಬಿಡಲ್ವಂತೆ. ‘ಈಗ ತಾನೇ ಬೆವರು ಸುರಿಸಿ ಏರಿಸಿದೀನಿ, ಮತ್ತೆ ಬಿಚ್ತೀಯಾ’ ಅಂತ ಜಗಳಕ್ಕೆ ಬರ್ತಾರಂತೆ. ಅದನ್ನ ಏರಿಸೋದು ಬಲೂನಿಗೆ ಬಾಳೆದಿಂಡು ತುರುಕಿದ ಹಾಗೆ, ಯಾರಿಗೂ ಎರಡನೇ ಸಲ ಮನಸ್ಸಿರಲ್ಲ. ಕಾಲ್ಬೆರಳು ಬೆಚ್ಚಗಿದ್ಯಾ ನೋಡಿ ಹೋಗಿಬಿಡ್ತಾರೆ.”

“ವಾರಗಿತ್ತಿ ಸೇವೆ ಮಾಡಿದರೆ ಅಪರಾಧ ಅಲ್ಲ ಮಾ. ಅಪರೂಪ, ಒಪ್ಪಿಕೊಳ್ತೀನಿ.”

ಹನ್ನೆರಡೂಮುಕ್ಕಾಲಿಗೆ ಅವರು ‘ಆರೋಪಿ ಪತ್ತೆಯಾಗಿಲ್ಲ’ ಎಂಬ ಷರಾ ಬರೆದು ಮುಗಿಸುವ ನಿರ್ಧಾರಕ್ಕೆ ಬಂದು, ಬುನ್-ರೆಯ ಸಹಿಗಾಗಿ ಐದನೇ ಮಹಡಿ ಹತ್ತಿದರು. ಕೋಣೆಯ ಪಕ್ಕದ ಚಿಕ್ಕ ಅಡುಗೆಮೂಲೆಯಲ್ಲಿ, ತೊಟ್ಟಿಯ ಮುಂದೆ ಪಿಲ್-ನ್ಯೋ ನಿಂತಿದ್ದರು. ಸ್ಟೀಲ್ ಪಾತ್ರೆಯ ಮುಚ್ಚಳ ತೆರೆದಿತ್ತು. ನಲ್ಲಿ ಇನ್ನೂ ತಿರುಗಿಸಿರಲಿಲ್ಲ.

ಪ್ಯೋ ಮಾಡಿದ್ದು ತನಿಖೆಯಲ್ಲ. ಬೆಳಗಿನಿಂದ ಉಪವಾಸವಿದ್ದ ಮನುಷ್ಯ ತನ್ನಿಷ್ಟದ ಸಾರು ತೊಟ್ಟಿಯ ಪಾಲಾಗುವುದನ್ನು ಕಂಡು ಬಗ್ಗಿ ನೋಡಿದ, ಅಷ್ಟೇ.

“ಇಷ್ಟೊಂದು ಉಳಿದಿದ್ಯಲ್ಲಮ್ಮ, ಚೆಲ್ಲಿಬಿಡ್ತೀರಾ?”

ಪಿಲ್-ನ್ಯೋ ಮುಚ್ಚಳ ಹಾಕಲು ಹೋದರು. ಅಷ್ಟರಲ್ಲಿ ಪ್ಯೋ ಕಂಡುಬಿಟ್ಟಿದ್ದರು. ಬೆಂದ ಸೊಂಜಿ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದೆ. ಕತ್ತರಿಸಿದರೆ ಒಳಗೆ ಸ್ಪಂಜಿನಂತೆ ತೂತು ತೂತು. ಪಾತ್ರೆಯ ತಳದಲ್ಲಿದ್ದ ಗಡ್ಡೆಗಳು ಕಪ್ಪುಗೆಂಪಾಗಿದ್ದವು; ನುಣ್ಣಗೆ ಹೊಳೆಯುತ್ತಿದ್ದವು; ಪಾತ್ರೆ ಅಲುಗಿದ್ದಕ್ಕೆ ನಡುಗಿದವು. ಒಂದೊಂದೂ ಬಟ್ಟಲಿನ ಬುಡದಷ್ಟೇ ದುಂಡಗಿತ್ತು.

“ಇದು ಬೆಂದಿಲ್ಲ,” ಎಂದರು ಪ್ಯೋ.

“ಒಲೆ ಸರಿಯಿರಲಿಲ್ಲ.”

“ಸಾರು ಬಿಸಿಯಿತ್ತು. ಬೆಳಗ್ಗೆ ನಾನೇ ಹಬೆ ನೋಡಿದೀನಿ. ಇದು ಯಾರ ರಕ್ತ?”

ಪಿಲ್-ನ್ಯೋ ನಲ್ಲಿಯ ಕಡೆ ಕೈ ಚಾಚಿದರು. ಪ್ಯೋ ಆ ಕೈ ಹಿಡಿದರು. ಹಕ್ಕಿಯ ಕಾಲಿನಂಥ ಕೈ. ಹಿಡಿದ ಮೇಲೆ ಅವರಿಗೇ ನಾಚಿಕೆಯಾಯಿತು, ಆದರೆ ಬಿಡಲಿಲ್ಲ.

“ಮಾ! ಡಾಕ್ಟರನ್ನ ಕರಿ. ಓಡು!”

ಐನೂರೇಳರಲ್ಲಿ ಮುಂದಿನ ಹತ್ತು ನಿಮಿಷ ನಡೆದದ್ದನ್ನು ಪಂಚನಾಮೆಯಲ್ಲಿ ‘ರೋಗಿಯ ಮೌಖಿಕ ಪ್ರತಿರೋಧದ ನಡುವೆ’ ಎಂದು ದಾಖಲಿಸಲಾಗಿದೆ.

“ನನ್ನ ಕಾಲು ಮುಟ್ಟಿದ್ರೆ ಕಚ್ತೀನಿ!” ಎಂದು ಗೂಮ್-ಓಕ್ ಕೂಗಿದರು. “ಎಂಬತ್ತೊಂದು ವರ್ಷದ ಮುದುಕಿ ತೊಡೆ ನೋಡೋಕೆ ಸರ್ಕಾರದಿಂದ ಬಂದಿದೀರಾ? ಹಲ್ಲುಸೆಟ್ಟು ಕೊಡೇ ಬುನ್-ರೆ, ಕಚ್ತೀನಿ ಇವರನ್ನ!”

ಬುನ್-ರೆ, ತನ್ನ ಜೀವಮಾನದಲ್ಲೇ ಬಹುಶಃ ಮೊದಲ ಸಲ, ಮೂಕರಾಗಿದ್ದರು.

ಪ್ಯೋ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಹೆಡ್ ನರ್ಸ್ ಕುಕ್ ಕಾಲುಚೀಲವನ್ನು ತೊಡೆಯಿಂದ ಕೆಳಕ್ಕೆ ಸುತ್ತುತ್ತಾ ಬಂದಳು. ಮಂಡಿಯ ಹಿಂದೆ ಮುದುಕರಿಗೆ ಕಟ್ಟುವ ಹೀರುಪಟ್ಟಿಯನ್ನು ಮಡಿಸಿ ಇಡಲಾಗಿತ್ತು. ಅದು ತೊಯ್ದು ಭಾರವಾಗಿತ್ತು. ಅದರ ಕೆಳಗೆ, ತೊಡೆಯ ಹಿಂಭಾಗದಲ್ಲೂ ಮೀನಖಂಡದ ಮೇಲೂ, ಒಂದರ ಪಕ್ಕ ಒಂದು ದುಂಡು ಕಲೆಗಳು. ಹಳೆಯವು ಹಳದಿಗೆ ತಿರುಗಿದ್ದವು, ಈಚಿನವು ನೇರಳೆ. ಆ ಮಧ್ಯಾಹ್ನದವು ಸೂಜಿ ಚುಚ್ಚಿದ ಬಾಯಿಗಳಿಂದ ಇನ್ನೂ ಒಸರುತ್ತಿದ್ದವು. ಗುಳಿಗೆಯಿಂದ ತೆಳುವಾದ ರಕ್ತ, ಬೇಗ ನಿಲ್ಲುವ ರಕ್ತವಲ್ಲ.

ಡಾಕ್ಟರ್ ಮೋಕ್ ಬಗ್ಗಿ ಕಲೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹೇಳಿದರು: “ಮೀನಖಂಡದ ಮೇಲೆ. ಹೆಪ್ಪು ಇರೋ ಜಾಗದ ಮೇಲೇ ಪಂಪ್ ಹಾಕಿ ಎಳೆದಿದಾರೆ.” ಅವರು ಒಂದು ಕುರ್ಚಿ ಹುಡುಕಿ ಕುಳಿತರು. “ಇವರು ಇನ್ನೂ ಉಸಿರಾಡ್ತಿರೋದು ನನ್ನ ಪುಣ್ಯ.”

ಬಟ್ಟಲುಗಳು ಪಿಲ್-ನ್ಯೋ ಚೀಲದಲ್ಲಿ ಟವೆಲ್ಲಿನಲ್ಲಿ ಸುತ್ತಿದ್ದವು. ಮಧ್ಯಾಹ್ನ ೧:೨೦ಕ್ಕೆ ಪಂಚರ ಸಮಕ್ಷಮ ವಶಪಡಿಸಿಕೊಳ್ಳಲಾಯಿತು. ಬುನ್-ರೆಗೆ ಆಗ ಮಾತು ಮರಳಿತು.

“ಸಿಕ್ತಲ್ಲ. ಕೊಡಿ ಇತ್ಲಾಗೆ. ಕೇಸು ವಾಪಸ್ ತಗೋತೀನಿ.”

“ಅದು ಪುರಾವೆ, ಕೊಡೋಕಾಗಲ್ಲ. ಕಳವಿನ ಕೇಸು ನೀವು ವಾಪಸ್ ಅಂದ್ರೆ ಹೋಗಲ್ಲ.”

“ಹಂಗಾದ್ರೆ ನನ್ನ ಭುಜ?”

“ಅಮ್ಮಾ,” ಎಂದರು ಪ್ಯೋ, “ದಯವಿಟ್ಟು.”

ಯೋಮ್ ಪಿಲ್-ನ್ಯೋ ಅವರನ್ನು ಕಳವು ಮತ್ತು ಪರವಾನಗಿಯಿಲ್ಲದೆ ಚಿಕಿತ್ಸೆ ಮಾಡಿ ಗಾಯಗೊಳಿಸಿದ ಆರೋಪದ ಮೇಲೆ ಅಲ್ಲಿಯೇ ಬಂಧಿಸಲಾಯಿತು. ಹಕ್ಕುಗಳನ್ನು ಮಾ ಓದಿ ಹೇಳುವಾಗ ಹಾಸಿಗೆಯಿಂದ ಗೂಮ್-ಓಕ್ ಕೂಗಿದರು: “ಕರ್ಕೊಂಡು ಹೋಗಿ! ನಲವತ್ತೆಂಟು ವರ್ಷ ಸಹಿಸ್ಕೊಂಡೆ, ಇನ್ನು ನೀವು ಸಹಿಸಿ!” ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಮತ್ತೆ ಅದೇ ದನಿ: “ಅವಳು ಊಟ ಮಾಡಿಲ್ಲ! ಸಕ್ಕರೆ ಕಾಯಿಲೆ ಇದೆ! ಊಟ ಕೊಡದೆ ಕೂರಿಸಿದ್ರೆ ಅಲ್ಲೇ ಬಂದು ಬೀಳ್ತೀನಿ, ಈ ಕಬ್ಬಿಣದ ಸೊಂಟ ಇಟ್ಕೊಂಡು!”

ಠಾಣೆಯಲ್ಲಿ ಪ್ಯೋ ತಮಗೂ ಪಿಲ್-ನ್ಯೋಗೂ ಎರಡು ಬಟ್ಟಲು ಸೊಂಜಿ ಸಾರು ತರಿಸಿದರು. ಬಂದ ಮೇಲೆ ಇಬ್ಬರೂ ಅದನ್ನು ನೋಡಿದರು, ಇಬ್ಬರೂ ಮುಟ್ಟಲಿಲ್ಲ. ಮಾ ಹೋಗಿ ಅನ್ನದ ಉಂಡೆ ತಂದಳು.

“ಪೊಲೀಸರು ಅದೇ ಕಟ್ಟಡದಲ್ಲಿದ್ದೀವಿ,” ಎಂದರು ಪ್ಯೋ. “ಇವತ್ತೊಂದು ದಿನ ಆದ್ರೂ ಬಿಡಬಾರದಿತ್ತಾ?”

“ಸತ್ತ ರಕ್ತ ಪೊಲೀಸ್ರು ಬಂದ್ರು ಅಂತ ನಿಲ್ಲತ್ತಾ?”

“ಸತ್ತ ರಕ್ತ ಅಂತ ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಕಣ್ಣಿಲ್ವಾ? ಬಟ್ಟಲಿಗೆ ಬಂದು ಒಂದು ಗಳಿಗೆಗೆ ಗಡ್ಡೆ ಆಗ್ತಿತ್ತು. ಕಪ್ಪಗೆ. ಬದುಕಿರೋ ರಕ್ತ ಹರಿಯತ್ತೆ.”

ಪ್ಯೋ ಫೋನೆತ್ತಿ ಡಾಕ್ಟರ್ ಮೋಕ್‌ರನ್ನು ಕೇಳಿದರು. ಕೇಳಿಸಿಕೊಂಡು, ಫೋನಿಟ್ಟು, ಹೇಳಿದರು: “ಬಟ್ಟಲಿಗೆ ಬಿದ್ದ ಯಾವ ರಕ್ತ ಆದ್ರೂ ಹೆಪ್ಪುಗಟ್ಟತ್ತಂತೆ. ನಂದೂ, ನಿಮ್ದೂ. ಅದು ಸತ್ತಿದ್ದಲ್ಲ. ತನ್ನ ಕೆಲಸ ಮಾಡ್ತಿರೋದು.”

ಪಿಲ್-ನ್ಯೋ ಅದನ್ನು ನಂಬಿದಂತೆ ಕಾಣಲಿಲ್ಲ. “ಅಕ್ಕನ ರಕ್ತ ಕಡಿಮೆ ಆಗ್ತಿದೆ ಅಂದ್ರು. ಅದಕ್ಕೇ ಸೊಂಜಿ ಸಾರು ತಂದೆ. ಹಳೇದು ತೆಗೆದು ಹೊಸದು ಹಾಕ್ತಿದ್ದೆ.”

“ನಿಮ್ಮ ಮನೇಲಿ ಬಟ್ಟಲು ಇರಲಿಲ್ವಾ?”

“ಇತ್ತು. ಎರಡು ವರ್ಷದ ಹಿಂದೆ ಸಮುದ್ರಕ್ಕೆ ಎಸೆದೆ.”

“ಬುನ್-ರೆನ ಕೇಳಬಹುದಿತ್ತಲ್ಲ.”

“ಕೇಳಿದ್ರೆ ನರ್ಸಿಗೆ ಗೊತ್ತಾಗ್ತಿತ್ತು. ನರ್ಸಿಗಿಂತ ಮುಂಚೆ ಊರಿಗೆ.”

“ಸಮುದ್ರಕ್ಕೆ ಯಾಕೆ ಎಸೆದ್ರಿ?”

ಈ ಪ್ರಶ್ನೆಯನ್ನು ಪ್ಯೋ ಸುಮ್ಮನೆ, ಕಾಗದ ಮುಗಿಸುವ ಆತುರದಲ್ಲಿ ಕೇಳಿದರು. ಪಿಲ್-ನ್ಯೋ ಅನ್ನದ ಉಂಡೆಯ ಸುತ್ತಲಿನ ಕಡಲಕಳೆಯನ್ನು ಬಿಡಿಸುತ್ತಾ ಕುಳಿತರು.

“ನಮ್ಮವರಿಗೂ ಇದೇ ಆಪರೇಷನ್. ಹಡಗು ಬೆಸುಗೆ ಕೆಲಸ, ಸಂಜೆಗೆ ಸೋಜು. ಕುಡಿದು ಕುಡಿದು ಸೊಂಟದ ಮೂಳೆ ಕೊಳೀತು. ಬೇರೆ ಊರಲ್ಲಿ ಮಾಡಿಸಿದ್ವಿ. ಮನೆಗೆ ಬಂದ ಮೇಲೆ ತೊಡೆಯೆಲ್ಲಾ ಕಪ್ಪಾಗಿತ್ತು. ‘ಸತ್ತ ರಕ್ತ ನಿಂತಿದೆ, ಬಟ್ಟಲು ಹಾಕಿ ತೆಗಿಯೇ’ ಅಂದ್ರು. ದಿನಾ ಅಂದ್ರು. ಡಾಕ್ಟ್ರು ಬೇಡ ಅಂದಿದಾರೆ ಅಂತ ನಾನು ತೆಗೀಲಿಲ್ಲ. ಬೈದ್ರೂ ತೆಗೀಲಿಲ್ಲ. ಬಚ್ಚಲಿಗೆ ಹೋದವರು ಬಾಗಿಲಲ್ಲೇ ಬಿದ್ರು. ಡಾಕ್ಟ್ರು ಏನಂದ್ರು ಗೊತ್ತಾ? ರಕ್ತ ಗಡ್ಡೆ ಕಟ್ಟಿ ಶ್ವಾಸಕೋಶಕ್ಕೆ ಹೋಯ್ತು ಅಂದ್ರು.”

ಮಾ ಬರೆಯುವುದನ್ನು ನಿಲ್ಲಿಸಿದಳು.

“ಡಾಕ್ಟ್ರ ಮಾತು ಒಂದ್ಸಲ ಕೇಳಿ ನೋಡಿದೀನಿ,” ಎಂದರು ಪಿಲ್-ನ್ಯೋ.

ಪ್ಯೋ ಇಪ್ಪತ್ತೇಳು ವರ್ಷದ ಸೇವೆಯಲ್ಲಿ ಆರೋಪಿಗಳ ಸಮಜಾಯಿಷಿಗಳನ್ನು ಕೇಳಿ ಕೇಳಿ ಬೇಸತ್ತವರು. ಪ್ರತಿಯೊಂದಕ್ಕೂ ಒಂದು ಸಿದ್ಧ ಉತ್ತರ ಅವರ ಬಳಿ ಇರುತ್ತಿತ್ತು. ತೆಗೆದಿದ್ದರೂ ನಿಮ್ಮ ಗಂಡ ಉಳಿಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಅದನ್ನು ಹೇಳಿದರೆ, ಈ ಹೆಂಗಸು ಎರಡು ವರ್ಷದಿಂದ ಹೊತ್ತಿದ್ದ ಭಾರ ಇಳಿಯುತ್ತದೋ, ನಾಲ್ಕು ದಿನ ಮಾಡಿದ್ದರ ಭಾರ ಏರುತ್ತದೋ ಅವರಿಗೆ ತಿಳಿಯಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

“ಅಕ್ಕನಿಗೆ ಹೇಳಿದ್ರಾ, ಯಾಕೆ ಅಂತ?”

“ಅಕ್ಕನಿಗೆ ಏನು ಹೇಳೋದು? ಬಾಯಿ ತೆಗೆದ್ರೆ ಗಂಡನ್ನ ನುಂಗಿದೋಳು ಅಂತಾರೆ.” ಸ್ವಲ್ಪ ತಡೆದು ಸೇರಿಸಿದರು: “ಹಂಗನ್ನೋಕೆ ನನಗೆ ಉಳಿದಿರೋದು ಅವರೊಬ್ಬರೇ.”

ಗೂಮ್-ಓಕ್ ಹೇಳಿಕೆಯನ್ನು ಸಂಜೆ ಐದು ಗಂಟೆಗೆ ಮಾ ಆಸ್ಪತ್ರೆಯಲ್ಲಿ ಪಡೆದಳು. ಮುದುಕಿಯ ತೋಳಿಗೆ ರಕ್ತದ ಚೀಲ ಜೋಡಿಸಿತ್ತು. ಡಾಕ್ಟರಿಗೆ, ನರ್ಸಿಗೆ ಒಂದು ಮಾತು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ಮಾ ಇದ್ದ ಹಾಗೇ ಬರೆದುಕೊಂಡಳು, ಇನ್‌ಸ್ಪೆಕ್ಟರ್ ತಿದ್ದಲಿಲ್ಲ.

“ಮೊದಲನೇ ದಿನ ಬೇಡ ಅಂದೆ. ಅವಳು ಪರದೆ ಎಳೆದು ಅತ್ತಳು. ಮೈದುನ ಸತ್ತಾಗಲೂ ಅವಳು ಅತ್ತಿದ್ದು ನಾನು ನೋಡಿಲ್ಲ. ತಗೊಂಡ್ರೆ ತಗೊಳ್ಲಿ ಬಿಡು, ರಕ್ತ ತಾನೇ ಅಂದ್ಕೊಂಡೆ. ಎತ್ತಿಂದು ಪಾತ್ರೆಗಟ್ಟಲೆ ಕುಡಿಸ್ತಿದ್ಳಲ್ಲ.”

ನವೆಂಬರ್ ೨೦ರ ಬೆಳಗಿನ ಸುತ್ತಿನಲ್ಲಿ ಡಾಕ್ಟರ್ ಮೋಕ್ ಗುಳಿಗೆಯನ್ನು ನಿಲ್ಲಿಸಲಿಲ್ಲ. ಅದೇ ದಿನ ನ್ಯಾಯಾಲಯ ಯೋಮ್ ಪಿಲ್-ನ್ಯೋಗೆ ಜಾಮೀನು ಕೊಟ್ಟು, ಆಸ್ಪತ್ರೆಯ ಐದನೇ ಮಹಡಿಗೆ ಕಾಲಿಡಬಾರದೆಂದು ಆದೇಶಿಸಿತು. ಆರೋಪಪಟ್ಟಿ ಡಿಸೆಂಬರ್ ೧೧ರಂದು ಸಲ್ಲಿಕೆಯಾಯಿತು. ಡಿಸೆಂಬರ್ ೧೩ರ ಸ್ಕ್ಯಾನಿನಲ್ಲಿ ತಾಕ್ ಗೂಮ್-ಓಕ್ ಅವರ ಮೀನಖಂಡದಲ್ಲಿ ಹೆಪ್ಪು ಇರಲಿಲ್ಲ.